ಮೋಸಂಬಿ ಬಾರದ ಕಾಯಿಲೆ

ನನಗೆ ಹೃದಯಾಘಾತ ಆಗಿಲ್ಲ ಎಂದು ಡಾಕ್ಟರು ಹೇಳಿದ ದಿನ ನಿಜಕ್ಕೂ ಬೇಜಾರಾಯಿತು. ಹೀಗೆ ಬರೆದರೆ ಓದುವವರು ನಕ್ಕಾರು, ನಗಲಿ. ಎದೆಯಲ್ಲಿ ಇದೇ ಬಗೆಯ ನೋವಿಟ್ಟುಕೊಂಡು, ರಿಪೋರ್ಟುಗಳೆಲ್ಲ ನಾರ್ಮಲ್ ಬಂದು, ಜೊತೆಗೆ ಬಂದವರ ಮುಖ ನೋಡಲಾಗದೆ ಬಸ್ಸಿನ ಕಿಟಕಿಯ ಕಡೆ ತಿರುಗಿ ಕೂತವರು ಯಾರಾದರೂ ಇದ್ದರೆ ಅವರು ಮಾತ್ರ ನಗಲಾರರು. ಇದನ್ನು ಬರೆಯುತ್ತಿರುವುದು ಅವರಿಗಾಗಿ.

ನಾನು ಭದ್ರಾವತಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ನಾಲ್ಕು ದಿನ ಇದ್ದು ಹೊರಡುವವನು. ನಾನು ಮಾತ್ರ ತಲೆ ನರೆಯುವವರೆಗೂ ಅತಿಥಿಯಾಗಿಯೇ ಉಳಿದೆ. ಪ್ರತಿ ವರ್ಷ ಪರೀಕ್ಷೆ ಮುಗಿದ ಕೂಡಲೇ ನಮ್ಮನ್ನು ಬಿಡುಗಡೆ ಮಾಡುತ್ತಾರೆ. ಆಮೇಲೆ ಮತ್ತೆ ಅರ್ಜಿ, ಮತ್ತೆ ಪಟ್ಟಿ, ಮತ್ತೆ ಕಾಯುವುದು. ಪಟ್ಟಿಯಲ್ಲಿ ಹೆಸರು ಬಂದರೂ ನೆಮ್ಮದಿಯಿಲ್ಲ. ಯಾರಾದರೂ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ನಮ್ಮ ತರಗತಿಗಳು ಅವರ ಪಾಲಾಗುತ್ತವೆ. ಸ್ಟಾಫ್ ರೂಮಿನಲ್ಲಿ ಕಾಯಂ ಆದವರು ಸಾಲದ ಕಂತು, ಮಗಳ ಮದುವೆ, ನಿವೃತ್ತಿಯ ನಂತರದ ಪ್ರವಾಸ ಎಂದು ಮಾತಾಡುವಾಗ ನಾನು ಟೀ ಲೋಟದೊಳಗೆ ನೋಡುತ್ತಾ ಕೂರುತ್ತಿದ್ದೆ. ಮುಂದಿನ ವರ್ಷದ ಬಗ್ಗೆ ಅಷ್ಟು ಸಲೀಸಾಗಿ ಮಾತಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆದರೆ ಅದು ಸಣ್ಣ ಉರಿ. ದೊಡ್ಡದು ನನ್ನ ಅಣ್ಣ ರುದ್ರೇಶನ ಮೇಲಿನದು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದರು. ಅಣ್ಣನೂ ನಾನೂ ಕಾಗದನಗರದ ಕ್ವಾರ್ಟರ್ಸಿನಲ್ಲಿ ಒಂದೇ ಚಾಪೆಯ ಮೇಲೆ ಬೆಳೆದವರು. ಅವನು ಓದಿನಲ್ಲಿ ಅಷ್ಟಕ್ಕಷ್ಟೆ. ಶಿವಮೊಗ್ಗಕ್ಕೆ ಹೋಗಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಸ್ವಂತ ಅಂಗಡಿ ಇಟ್ಟು, ದುರ್ಗಿಗುಡಿಯಲ್ಲಿ ಮನೆ ಮಾಡಿದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವನ ಜೊತೆಗೇ ಇದ್ದಾರೆ. ನಾನು ಎರಡು ಡಿಗ್ರಿ ಮಾಡಿಕೊಂಡು ಕಾಗದನಗರದ ಪಕ್ಕದಲ್ಲೇ ಬಾಡಿಗೆ ಮನೆಯಲ್ಲಿ ಉಳಿದೆ. ಅಣ್ಣ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಒಳ್ಳೆಯವನು, ನನ್ನ ಮಗಳ ಶಾಲೆಯ ಬ್ಯಾಗಿನಿಂದ ನನ್ನ ಮದುವೆಯ ಸೂಟಿನವರೆಗೆ ಎಲ್ಲದರಲ್ಲೂ ಅವನ ಕೈಯಿದೆ. ಅದಕ್ಕೇ ಇನ್ನೂ ಸಂಕಟ.

ಆ ಮಳೆಗಾಲದಲ್ಲಿ ನಮ್ಮ ಕಾಲೇಜಿಗೆ ಇಬ್ಬರು ಕಾಯಂ ಆದವರು ವರ್ಗವಾಗಿ ಬರುತ್ತಾರೆಂದು ಸುದ್ದಿಯಾಯಿತು. ಬರುತ್ತಾರೆ ಎಂದು ಒಂದು ದಿನ, ಇಲ್ಲ ಎಂದು ಇನ್ನೊಂದು ದಿನ. ಹೀಗಿರುವಾಗ ಒಂದು ಬೆಳಿಗ್ಗೆ ಪಾಠ ಮಾಡುತ್ತಾ ಬೋರ್ಡಿನ ಮೇಲೆ ಯಾವುದೋ ರಾಜವಂಶದ ಹೆಸರು ಬರೆಯುತ್ತಿದ್ದೆ. ಎದೆಯ ಮೇಲೆ ಯಾರೋ ಅಕ್ಕಿ ಮೂಟೆ ಇಳಿಸಿದ ಹಾಗಾಯಿತು. ಕೈ ತಣ್ಣಗಾಯಿತು, ಬಾಯಿ ಒಣಗಿತು, ಹುಡುಗರ ಗಲಾಟೆ ಪಕ್ಕದ ಬೀದಿಯಿಂದ ಕೇಳುತ್ತಿರುವಂತೆ ಕೇಳಿಸತೊಡಗಿತು. ಇವತ್ತಿಗೆ ಮುಗಿಯಿತು, ನಾನು ಸತ್ತೆ ಎಂದುಕೊಂಡೆ. ಅರ್ಧ ಬರೆದ ಹೆಸರನ್ನು ಹಾಗೆಯೇ ಬಿಟ್ಟು ಹೊರಗೆ ಓಡಿ ಬಂದು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಸಿದು ಕೂತೆ.

ಸಹೋದ್ಯೋಗಿಗಳು ಕಾರಿನಲ್ಲಿ ಹಾಕಿಕೊಂಡು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆತಂದರು. ದಾರಿಯುದ್ದಕ್ಕೂ ಒಬ್ಬರು ನನ್ನ ಅಂಗೈ ಉಜ್ಜುತ್ತಿದ್ದರು. ಇಸಿಜಿ ತೆಗೆದರು, ರಕ್ತ ತೆಗೆದರು, ಎದೆಗೆ ತಣ್ಣನೆಯ ಅಂಟು ಬಳಿದು ಪರದೆಯ ಮೇಲೆ ನೋಡಿದರು. ಏನೂ ಇಲ್ಲ ಎಂದರು. ಅಂಗೈ ಉಜ್ಜುತ್ತಿದ್ದವರ ಮುಖದಲ್ಲಿ ಮೊದಲು ಸಮಾಧಾನ ಬಂತು, ಆಮೇಲೆ ನಿಧಾನವಾಗಿ ಬೇರೇನೋ ಬಂತು. ವಾಪಸು ಬರುವಾಗ ಯಾರೂ ನನ್ನ ಕೈ ಹಿಡಿಯಲಿಲ್ಲ.

ಮತ್ತೆ ಬಂತು. ತರಕಾರಿ ಅಂಗಡಿಯಲ್ಲಿ ಒಮ್ಮೆ, ಸ್ನಾನದ ಮನೆಯಲ್ಲಿ ಒಮ್ಮೆ. ಮತ್ತೆ ಆಸ್ಪತ್ರೆ, ಮತ್ತೆ ಏನೂ ಇಲ್ಲ. ಈ ಏನೂ ಇಲ್ಲ ಎಂಬ ಮಾತು ಎಂಥದ್ದೆಂದರೆ, ಅದನ್ನು ಕೇಳಿದ ಮೇಲೆ ನಾನು ಮನೆಯವರಿಗೆಲ್ಲ ಏನೋ ಬಾಕಿ ಉಳಿಸಿಕೊಂಡವನಂತೆ ಆಗುತ್ತಿದ್ದೆ. ಅಮ್ಮ ಫೋನಿನಲ್ಲಿ, ಹೊತ್ತಿಗೆ ಸರಿಯಾಗಿ ಉಣ್ಣು, ಅದೆಲ್ಲ ಗ್ಯಾಸು ಎಂದರು. ಪಾಠ ಬಿಟ್ಟು ಓಡಿದ ಸುದ್ದಿ ಕಾಲೇಜಿನಲ್ಲಿ ಸುತ್ತು ಹಾಕುತ್ತಿದ್ದದ್ದು ನನಗೆ ಗೊತ್ತಿತ್ತು.

ಇದೇ ಹೊತ್ತಿನಲ್ಲಿ ಅಣ್ಣನಿಗೆ ಎದೆನೋವು ಬಂತು. ಅಂಗಡಿಯ ಶಟರ್ ಎಳೆಯುವಾಗ ಸುಸ್ತಾಯಿತೆಂದು ಮೆಟ್ಟಿಲ ಮೇಲೆ ಕೂತವನನ್ನು ಪಕ್ಕದ ಅಂಗಡಿಯವರು ಅದೇ ಆಸ್ಪತ್ರೆಗೆ ಒಯ್ದರು. ಅವನಿಗೆ ಎಲ್ಲವೂ ಇತ್ತು. ಬ್ಲಾಕ್ ಇತ್ತು, ಆಂಜಿಯೋ ಆಯಿತು, ಸ್ಟೆಂಟ್ ಬಿತ್ತು. ನಾನು ಓಡಿ ಹೋದೆ. ಗಾಜಿನಾಚೆ ವೈರುಗಳ ನಡುವೆ ಮಲಗಿದ್ದ ಅವನನ್ನು ಕಂಡು ಕಣ್ಣು ತುಂಬಿ ಬಂತು, ಅದು ಸುಳ್ಳಲ್ಲ. ಆದರೆ ಅತ್ತಿಗೆ ಗಿರಿಜಾ ಆಂಜಿಯೋದ ಫಿಲಂ ಎತ್ತಿ ಬೆಳಕಿಗೆ ಹಿಡಿದು, ನೋಡು ಮಹೇಶ, ಇಲ್ಲೇ ಅಡಚಿಕೊಂಡಿತ್ತಂತೆ ಎಂದು ತೋರಿಸಿದಾಗ ನನ್ನೊಳಗೆ ಎದ್ದದ್ದು ದುಃಖವಲ್ಲ. ಅವನ ನೋವಿಗೆ ಫೋಟೋ ಇದೆ, ನನ್ನ ನೋವಿಗೆ ಇಲ್ಲ ಎಂಬ ಯೋಚನೆ.

ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲವೆಂದರೆ ನೋಡಲು ಹೋಗಬೇಕು. ಬರಿಗೈಯಲ್ಲಿ ಹೋಗುವಂತಿಲ್ಲ. ಬ್ರೆಡ್ಡು, ಮೋಸಂಬಿ, ಎಳನೀರು, ತೀರಾ ಹತ್ತಿರದವರಾದರೆ ಹಾಲಿಗೆ ಹಾಕುವ ಪುಡಿಯ ಡಬ್ಬಿ. ಹೋಗಿ ಹಾಸಿಗೆಯ ಪಕ್ಕ ಕೂತು, ಈಗ ಹೇಗಿದೀರಿ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಬೇಕು. ರೋಗಿ ಕಥೆಯನ್ನು ಮೊದಲಿನಿಂದ ಹೇಳಬೇಕು. ಅಣ್ಣ ಮನೆಗೆ ಬಂದ ಮೇಲೆ ದುರ್ಗಿಗುಡಿಯ ಆ ಹಾಲ್‌ನಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಅಂಗಡಿಯವರು, ನೆಂಟರು, ಅಪ್ಪನ ಜೊತೆ ಕೆಲಸ ಮಾಡಿದವರು, ಕೊನೆಗೆ ನನ್ನನ್ನು ಆಸ್ಪತ್ರೆಗೆ ಒಯ್ದ ಸಹೋದ್ಯೋಗಿಯೂ ಬಂದರು. ಮೂಲೆಯಲ್ಲಿ ಮೋಸಂಬಿ ಗುಡ್ಡೆ ಬಿದ್ದಿತ್ತು. ನನ್ನನ್ನು ನೋಡಲು ಒಬ್ಬರೂ ಬಂದಿರಲಿಲ್ಲ. ಗ್ಯಾಸಿಗೆ ಯಾರು ಮೋಸಂಬಿ ತರುತ್ತಾರೆ?

ಅಣ್ಣನ ಚಿಕಿತ್ಸೆ ಮಾಡಿದ ಹೃದಯದ ಡಾಕ್ಟರೇ ನನ್ನನ್ನೂ ಕೊನೆಯ ಸಲ ನೋಡಿದರು. ನನ್ನ ಹೃದಯ ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಅಣ್ಣನ ಮುಂದೆ ನನ್ನದು ಚೆನ್ನಾಗಿದೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು, ಅದೂ ಬೇಡವಾದ ವಿಷಯದಲ್ಲಿ. ಆಮೇಲೆ ದನಿ ತಗ್ಗಿಸಿ, ಮೇಲಿನ ಮಹಡಿಯಲ್ಲಿ ಒಬ್ಬ ಮೇಡಂ ಇದ್ದಾರೆ, ಒಮ್ಮೆ ಮಾತಾಡಿ ಬನ್ನಿ ಎಂದರು. ಮೇಲಿನ ಮಹಡಿಯಲ್ಲಿ ಏನಿದೆ ಎಂದು ಶಿವಮೊಗ್ಗದಲ್ಲಿ ಎಲ್ಲರಿಗೂ ಗೊತ್ತು. ಅದು ಮಾನಸಿಕ ವಿಭಾಗ.

ಕೆಳಗೂ ಮೇಲೂ ಇದ್ದ ವ್ಯತ್ಯಾಸವನ್ನು ಏನೆಂದು ಹೇಳಲಿ. ಕೆಳಗೆ ಹೃದಯದವರ ಸಾಲು ಮದುವೆಮನೆಯ ಪಂಕ್ತಿಯ ಹಾಗಿತ್ತು. ಯಾರಿಗೆ ಯಾವಾಗ ಆಯಿತು, ಯಾವ ಮಾತ್ರೆ, ಉಪ್ಪು ಎಷ್ಟು ಎಂದು ಗುರುತಿಲ್ಲದವರೂ ಹರಟುತ್ತಿದ್ದರು. ಮೇಲೆ ಎಲ್ಲರೂ ಗೋಡೆ ನೋಡುತ್ತಾ ಕೂತಿದ್ದರು. ಒಬ್ಬಾಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಭದ್ರಾವತಿಯಲ್ಲಿ ದಿನಾ ನಾನು ಹಾಲು ಕೊಳ್ಳುವ ಅಂಗಡಿಯಾತ ಎದುರಿಗೇ ಇದ್ದ. ನಾವಿಬ್ಬರೂ ಒಬ್ಬರಿಗೊಬ್ಬರು ಅಪರಿಚಿತರಾಗಿ ಕೂತೆವು. ಒಂದೇ ಒಂದು ಪುಣ್ಯವೆಂದರೆ ಅಲ್ಲಿನ ನರ್ಸ್ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಹತ್ತಿರ ಬಂದು ಭುಜ ಮುಟ್ಟಿ, ಬನ್ನಿ ಸಾರ್ ಎನ್ನುತ್ತಿದ್ದಳು.

ಆ ಮೌನ ತಡೆಯಲಾರದೆ ನಾನು ಸರದಿ ಬರುವವರೆಗೆ ಕೆಳಗೆ ಹೋಗಿ ಹೃದಯದವರ ನಡುವೆ ಕೂರುತ್ತಿದ್ದೆ. ಒಮ್ಮೆ ಪಕ್ಕದಲ್ಲಿದ್ದ ಪೇಟದ ಯಜಮಾನರೊಬ್ಬರು ನನ್ನ ಕಡೆ ವಾಲಿ, ನಿಮಗೆ ಎಷ್ಟು ಬ್ಲಾಕು ಎಂದು ಕೇಳಿದರು. ಎರಡು ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. ಅವರು ನನ್ನ ತೊಡೆ ತಟ್ಟಿ, ತಮಗೆ ಮೂರು, ಏನೂ ಆಗುವುದಿಲ್ಲ, ಧೈರ್ಯವಾಗಿರಿ ಎಂದರು. ಆ ದಿನಗಳಲ್ಲಿ ನನಗೆ ಸಿಕ್ಕ ಅತಿ ಬೆಚ್ಚಗಿನ ಮಾತು ಅದು, ಅದನ್ನೂ ಸುಳ್ಳು ಹೇಳಿ ಗಿಟ್ಟಿಸಿದ್ದು. ಅವರ ಮೂರರ ಮೇಲೂ ನನಗೆ ಆಸೆಯಾಯಿತು.

ಮೇಲಿನ ಮೇಡಂ ನನಗಿಂತ ಚಿಕ್ಕವರು. ಅವರು ನನ್ನ ಫೈಲು ಮುಚ್ಚಿ ಪಕ್ಕಕ್ಕಿಟ್ಟು, ಏನಾಗುತ್ತದೆ ಹೇಳಿ ಎಂದರು. ನಾನು ಎಲ್ಲರಿಗೂ ಹೇಳುವಂತೆ, ಏನೂ ಇಲ್ಲ ಅಂತಾರೆ ಮೇಡಂ ಎಂದೆ.

“ಅವರು ಏನಂತಾರೆ ಅಂತ ಕೇಳ್ಲಿಲ್ಲ. ನಿಮಗೆ ಏನಾಗುತ್ತೆ?” ಎಂದರು. “ಎದೆ ಚೆನ್ನಾಗಿದೆ ಅಂದ್ರೆ ನೋವು ಸುಳ್ಳು ಅಂತಲ್ಲ. ನಿಮಗಾಗ್ತಿರೋದು ನಿಜವಾದ ನೋವೇ.”

ನಾನು ಅತ್ತೆ. ಆ ಕೋಣೆಯಲ್ಲಿ ಅಳುವವರು ಬಹಳ ಮಂದಿ ಇರಬೇಕು, ಟಿಶ್ಯೂ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ತಯಾರಾಗಿ ಕೂತಿತ್ತು. ಅವರು ನನ್ನ ಕಾಯಿಲೆಗೆ ಪ್ಯಾನಿಕ್ ಎಂಬ ಹೆಸರು ಹೇಳಿದರು. ಹೆಸರು ಸಿಕ್ಕಿದ್ದಕ್ಕೇ ಅರ್ಧ ಹಗುರಾದೆ. ಮಾತ್ರೆ ಕೊಟ್ಟರು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದರು, ಪ್ರತಿ ತಿಂಗಳೂ ಬಂದು ಮಾತಾಡಿ ಎಂದರು.

ಹೆಂಡತಿ ಸವಿತಾ ಆ ಹೆಸರನ್ನು ಕೇಳಿ ಮೊದಲು ಎದ್ದು ಬೀದಿ ಬಾಗಿಲು ಹಾಕಿ ಬಂದಳು. ಅವಳು ಒರಟಳಲ್ಲ. ಅವಳ ಲೆಕ್ಕ ಬೇರೆ. ಪಟ್ಟಿ ತಯಾರಿಸುವವರ ಕಿವಿಗೆ ಬಿದ್ದರೆ, ತಲೆ ಸರಿಯಿಲ್ಲದವನಿಗೆ ಪಾಠ ಯಾಕೆ ಎಂದು ಬಿಟ್ಟರೆ, ಮನೆ ನಡೆಯುವುದು ಹೇಗೆ?

“ಗ್ಯಾಸ್ಟ್ರಿಕ್ ಅಂತಾನೇ ಹೇಳೋಣ ರೀ” ಎಂದಳು. “ಶಿವಮೊಗ್ಗಕ್ಕೆ ಯಾಕೆ ಹೋಗ್ತೀರಿ ಅಂದ್ರೆ ಭಾವನ್ನ ನೋಡೋಕೆ ಅನ್ನಿ. ಯಾರೂ ಮತ್ತೆ ಕೇಳಲ್ಲ.”

ಮಾತ್ರೆಗಳನ್ನು ಗ್ಯಾಸಿನ ಮಾತ್ರೆಯ ಡಬ್ಬಿಗೆ ಸುರಿದಳು. ಹೀಗೆ ನನ್ನ ಕಾಯಿಲೆ ಅಣ್ಣನ ಕಾಯಿಲೆಯ ಬೆನ್ನ ಹಿಂದೆ ಅಡಗಿಕೊಂಡು ಓಡಾಡತೊಡಗಿತು. ಮೇಡಂ ಹತ್ತಿರ ಹೋಗುವ ದಿನ ಸುಳ್ಳು ಸುಳ್ಳಾಗದಿರಲೆಂದು ನಾನು ಬಸ್‌ಸ್ಟ್ಯಾಂಡಿನಲ್ಲಿ ಮೋಸಂಬಿ ಕೊಳ್ಳಲೇಬೇಕಿತ್ತು. ಬಸ್ಸಿನಲ್ಲಿ ಸಿಕ್ಕಿದ ಗುರುತಿನವರು ಚೀಲ ನೋಡಿ, ಅಣ್ಣನನ್ನು ನೋಡಲು ಹೊರಟಿರಾ, ಈ ಕಾಲದಲ್ಲಿ ಇಂಥ ತಮ್ಮ ಎಲ್ಲಿ ಸಿಗುತ್ತಾನೆ ಎನ್ನುತ್ತಿದ್ದರು. ಹೊಟ್ಟೆಕಿಚ್ಚಿನ ತಮ್ಮನಿಗೆ ಊರಲ್ಲೆಲ್ಲ ಒಳ್ಳೆಯ ಹೆಸರು ಬಂತು. ಒಂದು ದಿನ ಮಲವಗೊಪ್ಪ ದಾಟುವಾಗ ತಡೆಯಲಾರದೆ ಚೀಲಕ್ಕೆ ಕೈ ಹಾಕಿ ಒಂದು ಮೋಸಂಬಿ ಸುಲಿದು ತಿಂದುಬಿಟ್ಟೆ. ಸಿಪ್ಪೆಯನ್ನು ಕದ್ದ ಮಾಲಿನ ಹಾಗೆ ಕಿಟಕಿಯಿಂದ ಹೊರಗೆ ಎಸೆದೆ.

ಆಸ್ಪತ್ರೆ ಮುಗಿಸಿ ಅಣ್ಣನ ಮನೆಗೆ ಹೋದರೆ ಅತ್ತಿಗೆ ಹಣ್ಣು ತೆಗೆದುಕೊಂಡು, ಹೊರಡುವಾಗ ಅದಕ್ಕಿಂತ ದೊಡ್ಡ ಚೀಲ ಕೊಡುತ್ತಿದ್ದರು. ಇಲ್ಲಿ ಕೊಳೆಯುತ್ತಿವೆ, ತೆಗೆದುಕೊಂಡು ಹೋಗಿ ಸವಿತಾಗೆ ಕೊಡು ಎನ್ನುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು. ಅಣ್ಣನ ಅಂಗಿಗಳು ಸಣ್ಣವಾದಾಗ ನನಗೆ ಬರುತ್ತಿದ್ದ ಕಾಲ ನೆನಪಾಗುತ್ತಿತ್ತು. ಈಗ ಅವನ ಕಾಯಿಲೆಯ ಹಣ್ಣುಗಳು ಮೆತ್ತಗಾದ ಮೇಲೆ ನನಗೆ ಬರುತ್ತಿದ್ದವು.

ಎಲ್ಲಕ್ಕಿಂತ ಹೆದರಿಕೆ ಆಗುತ್ತಿದ್ದದ್ದು ಸ್ನಾನದ ಮನೆಯಲ್ಲಿ. ಬಾಗಿಲು ಹಾಕಿದ ಕೂಡಲೇ ಉಸಿರು ಕಟ್ಟುತ್ತಿತ್ತು. ಚಿಲಕ ಹಾಕಿದರೆ ಒಳಗೇ ಸತ್ತರೆ ತೆಗೆಯುವವರಿಲ್ಲ ಎನಿಸುತ್ತಿತ್ತು. ಮಗಳಿರುವ ಮನೆ, ಬಾಗಿಲು ತೆರೆದಿಟ್ಟು ಮೀಯುವುದಾದರೂ ಹೇಗೆ? ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿ, ಗಡಿಬಿಡಿಯಲ್ಲಿ ನೀರು ಸುರಿದುಕೊಂಡು ಓಡಿ ಬರುತ್ತಿದ್ದೆ. ಸವಿತಾಗೆ ಇದನ್ನು ನಾನು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಒಳಗೆ ನಿಂತಾಗ ಹೊರಗೆ ಮೊರದಲ್ಲಿ ಅಕ್ಕಿ ಕೇರುವ ಸದ್ದು ಕೇಳಿಸಿತು. ಸ್ನಾನದ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅವಳು ಅಕ್ಕಿ ಕೇರುತ್ತಿದ್ದಳು. ಮರುದಿನವೂ ಅದೇ ಹೊತ್ತಿಗೆ ಅದೇ ಸದ್ದು. ನಮ್ಮ ಮನೆಗೆ ಬರುವುದು ಪ್ಯಾಕೆಟ್ಟಿನ ಅಕ್ಕಿ, ಅದರಲ್ಲಿ ಕೇರುವಂಥದ್ದು ಏನೂ ಇರುವುದಿಲ್ಲ. ಆ ಸದ್ದು ಇರುವಷ್ಟು ಹೊತ್ತು ನಾನು ಸೋಪು ಹಾಕಿಕೊಂಡು ಸಾವಕಾಶವಾಗಿ ಮಿಂದೆ.

ಮಾತ್ರೆ ನಿಧಾನವಾಗಿ ಹಿಡಿಯಿತು. ಕೆಲವು ದಿನ ಪಾಠ ಪೂರ್ತಿ ಮುಗಿಸಿ ಬಂದೆ. ಕೆಲವು ದಿನ ಬೋರ್ಡಿನ ಕಡೆ ತಿರುಗಿ ನಿಂತು ಉಸಿರು ಎಳೆದು ಬಿಟ್ಟೆ. ಆದರೆ ಒಳಗಿನ ಉರಿ ಮಾತ್ರ ಇಳಿಯಲಿಲ್ಲ. ಮೇಡಂ ಹತ್ತಿರ ಎಲ್ಲ ಹೇಳುತ್ತಿದ್ದೆ, ಅಣ್ಣನ ವಿಷಯ ಬಿಟ್ಟು.

ಒಂದು ಭಾನುವಾರ ದುರ್ಗಿಗುಡಿಯ ಮನೆಯಲ್ಲಿ ಅಣ್ಣನನ್ನು ನೋಡಲು ಸೋದರಮಾವ ಬಂದಿದ್ದರು. ಅವರು ಬಂದರೆ ಊರಿಗೆಲ್ಲ ಸುದ್ದಿ ತಲುಪಿದ ಹಾಗೆಯೇ. ಇನ್ನೂ ಒಂದಿಬ್ಬರು ನೆಂಟರಿದ್ದರು. ಅಣ್ಣ ದಿಂಬಿಗೆ ಒರಗಿ ಶಟರಿನ ಕಥೆಯನ್ನು ಎಷ್ಟನೆಯ ಸಲವೋ ಹೇಳುತ್ತಿದ್ದ. ಅಮ್ಮ ಅವನ ಕಾಲು ನೀವುತ್ತಾ, ಪಾಪ, ಎಷ್ಟು ನೋವು ನುಂಗಿಕೊಂಡಿದ್ದನೋ, ಯಾರಿಗೂ ಹೇಳದ ಮಗ ಎಂದರು. ನಾನು ಕಾಫಿ ಲೋಟಗಳನ್ನು ಹಂಚುತ್ತಿದ್ದೆ. ಮಾವ ನನ್ನ ತೋಳು ಹಿಡಿದು ನಿಲ್ಲಿಸಿದರು.

“ನೀನು ಪುಣ್ಯವಂತ ಕಣೋ ಮಾರಾಯ. ಗುಂಡುಕಲ್ಲಿನ ಹಂಗಿದೀಯ. ನಿಮ್ಮಣ್ಣನ ಸಂಕಟ ನಿನಗೆ ಹೆಂಗೆ ಗೊತ್ತಾಗ್ಬೇಕು.”

“ನನಗೂ ಹುಷಾರಿಲ್ಲ ಮಾವ” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅಮ್ಮ ತಲೆ ಎತ್ತದೆ, ಅವನಿಗೆ ಗ್ಯಾಸ್ಟ್ರಿಕ್ ಎಂದರು.

“ಗ್ಯಾಸ್ಟ್ರಿಕ್ ಅಲ್ಲಮ್ಮ. ನಾನು ಮೇಲಿನ ಮಹಡಿಗೆ ಹೋಗ್ತಾ ಇದೀನಿ, ಮಾನಸಿಕ ಡಾಕ್ಟ್ರ ಹತ್ರ. ಮೂರು ತಿಂಗಳಾಯ್ತು. ಇವನಿಗೆ ಒಂದು ಸಲ ಬಂತು. ನನಗೆ ವಾರಕ್ಕೆರಡು ಸಲ ಬರ್ತಿತ್ತು, ಪ್ರತಿ ಸಲಾನೂ ಸತ್ತೆ ಅಂತಾನೇ ಅಂದ್ಕೋತಿದ್ದೆ.”

ನಂತರ ಈ ಘಟನೆ ಕೇಳಿದ ಒಂದಿಬ್ಬರು ನನ್ನ ಧೈರ್ಯವನ್ನು ಹೊಗಳಿದ್ದಾರೆ. ಅದು ಧೈರ್ಯವಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ ಹೇಳಿದ್ದು. ಅಮ್ಮನ ಕೈ ಅವನ ಕಾಲ ಮೇಲಿದ್ದದ್ದನ್ನು ನೋಡಲಾಗಲಿಲ್ಲ, ಅಷ್ಟೆ. ಮಾವ ನನ್ನ ತೋಳಿನಿಂದ ಕೈ ತೆಗೆದರು. ಯಾರೋ ಬಿಸಿಲು ಜಾಸ್ತಿಯಾಯಿತು ಎಂದರು. ಅತ್ತಿಗೆ ಖಾಲಿಯಾಗದ ಲೋಟಗಳನ್ನೂ ಎತ್ತಿಕೊಂಡು ಒಳಗೆ ಹೋದರು. ನೆಂಟರು ಒಬ್ಬೊಬ್ಬರಾಗಿ ಎದ್ದರು. ಹೃದಯಾಘಾತವಾಗಿದ್ದರೆ ಇನ್ನಷ್ಟು ಹತ್ತಿರ ಜರುಗಿ ಕೂರುತ್ತಿದ್ದವರು, ಚಪ್ಪಲಿ ಹುಡುಕಿಕೊಂಡು ಹೊರಟರು. ನಾನೂ ಚೀಲ ತೆಗೆದುಕೊಂಡೆ. ಅಣ್ಣ ನನ್ನನ್ನು ಕರೆದ.

“ಬಾಗಿಲು ಮುಂದೆ ಮಾಡಿ ಬಾ ಇಲ್ಲಿ” ಎಂದ. ಬೈಯುತ್ತಾನೆ ಎಂದುಕೊಂಡೆ. ಅವನು ಹೊದಿಕೆಯ ಅಂಚನ್ನು ಹಿಂಡುತ್ತಾ ಕೇಳಿದ, “ಸ್ನಾನಕ್ಕೆ ಹೋದಾಗ ಚಿಲಕ ಹಾಕ್ತೀಯೇನೋ?”

ನಾನು ಚೀಲ ಕೆಳಗಿಟ್ಟೆ. ಅವನೇ ಮುಂದುವರಿಸಿದ. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಚಿಲಕ ಹಾಕಿಲ್ಲವಂತೆ. ನಾಲ್ಕು ಚೊಂಬು ಸುರಿದುಕೊಂಡು ಹೊರಗೆ ಬರುತ್ತಾನಂತೆ. ಮಲಗಿದರೆ ಎದೆಯ ಮೇಲೆ ಕೈಯಿಟ್ಟು ಬಡಿತ ನೋಡುತ್ತಾ ಇರುತ್ತಾನಂತೆ. ಅಂಗಡಿಗೆ ಹೋಗು ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಯಿತು, ಶಟರ್ ಕಂಡರೆ ಕಾಲು ಬರುವುದಿಲ್ಲ. ಬಂದವರೆಲ್ಲ ಗಂಡಾಂತರ ಕಳೆಯಿತು, ಇನ್ನು ಏನೂ ಇಲ್ಲ ಎನ್ನುತ್ತಾರೆ. ಅವರೆದುರು ಏನು ಹೇಳುವುದು? ಗಿರಿಜಾಗೆ ಹೇಳಿದರೆ ಅವಳು ಊಟ ಬಿಡುತ್ತಾಳೆ, ಅಮ್ಮನಿಗೆ ಹೇಳುವಂತೆಯೇ ಇಲ್ಲ.

ಓದುಗರೇ, ಆಗಲೂ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ನನ್ನದು ಎಂದು ಇದ್ದದ್ದು ಈ ಹೆದರಿಕೆಯೊಂದೇ, ಅದನ್ನೂ ಇವನು ತೆಗೆದುಕೊಂಡನಲ್ಲ ಎಂದು. ಆಮೇಲೆ ಅವನ ಕೈ ನೋಡಿದೆ. ಹೊದಿಕೆಯ ಅಂಚು ಬಿಟ್ಟು ಅದು ಎದೆಯ ಮೇಲೆ ಹೋಗಿ ಬಡಿತ ಹುಡುಕುತ್ತಿತ್ತು. ನಾನು ಹಾಸಿಗೆಯ ಅಂಚಿನಲ್ಲಿ ಕೂತು ಸವಿತಾ ಬಾಗಿಲ ಹೊರಗೆ ಕೂತು ಅಕ್ಕಿ ಕೇರುವ ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ.

ಅವನು ಹೊದಿಕೆ ಪಕ್ಕಕ್ಕೆ ಸರಿಸಿದ. “ನೀನು ಪುಣ್ಯವಂತ ಕಣೋ ಮಾರಾಯ” ಎಂದ. “ನನಗೆ ಇಷ್ಟು ಜನ ಬಂದ್ರು. ಒಬ್ರೂ ಬಾಗ್ಲ ಹೊರಗೆ ಕೂರ್ಲಿಲ್ಲ.”

ನಮ್ಮ ಮಾವ ಹೇಳಿದ ಮಾತೇ ಅದು, ಆದರೆ ಅಣ್ಣನ ಮುಖದಲ್ಲಿ ಕಂಡದ್ದನ್ನು ನಾನು ತಪ್ಪು ತಿಳಿಯುವುದು ಸಾಧ್ಯವಿಲ್ಲ. ಜೀವಮಾನವಿಡೀ ಕನ್ನಡಿಯಲ್ಲಿ ನೋಡಿದ್ದೇನೆ. ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಾಗಿತ್ತು. ಸತ್ಯ ಹೇಳುತ್ತೇನೆ, ಮೂರು ತಿಂಗಳ ಮಾತ್ರೆ ಮಾಡದ ಕೆಲಸವನ್ನು ಆ ಒಂದು ನೋಟ ಮಾಡಿತು. ಆ ಸಂಜೆ ಬಸ್ಸಿನಲ್ಲಿ ಭದ್ರಾವತಿಯವರೆಗೂ ನಿದ್ದೆ ಮಾಡಿದೆ.

ಮನೆಯಲ್ಲಿ ಸವಿತಾ ಕೋಪಿಸಿಕೊಂಡಳು. ಮಾವನ ಬಾಯಿಗೆ ಬಿದ್ದ ಮೇಲೆ ಇನ್ನು ಪಟ್ಟಿಯಲ್ಲಿ ಹೆಸರು ಬಂದ ಹಾಗೆಯೇ ಎಂದಳು. ಎರಡು ದಿನ ಮಾತಾಡಲಿಲ್ಲ, ಆದರೆ ಬೆಳಗಿನ ಮೊರದ ಸದ್ದು ನಿಲ್ಲಿಸಲಿಲ್ಲ. ಅಮ್ಮ ಕಾಯಿಲೆಯ ಹೆಸರೆತ್ತಲಿಲ್ಲ. ವಾರ ಕಳೆದ ಮೇಲೆ ಫೋನ್ ಮಾಡಿ ಮಳೆ, ಮೊಮ್ಮಗಳ ಪರೀಕ್ಷೆ ಎಲ್ಲ ಮಾತಾಡಿ, ಇಡುವ ಮುಂಚೆ ಅದನ್ನು ತಗೊಂಡೆಯಾ ಎಂದು ಕೇಳಿದರು. ತಗೊಂಡೆ ಎಂದೆ. ಈಗ ಪ್ರತಿ ಸಲವೂ ಕೇಳುತ್ತಾರೆ. ಮುಂದೆ ಪಟ್ಟಿ ಬಂತು, ನನ್ನ ಹೆಸರೂ ಇತ್ತು, ತರಗತಿಗಳು ಕಡಿಮೆಯಾಗಿದ್ದವು. ಅದು ನನ್ನ ಕಾಯಿಲೆಯಿಂದಲೋ ವರ್ಗವಾಗಿ ಬಂದವರಿಂದಲೋ ಕೇಳುವ ಧೈರ್ಯ ನನಗಿಲ್ಲ. ಬರುವ ವರ್ಷದ್ದು ಗೊತ್ತಿಲ್ಲ. ಗೊತ್ತಿಲ್ಲದೆಯೂ ಉಂಡು ಮಲಗುವುದನ್ನು ಕಲಿಯುತ್ತಿದ್ದೇನೆ, ಎಲ್ಲ ದಿನವೂ ಆಗುವುದಿಲ್ಲ.

ಅಣ್ಣನೂ ಈಗ ಮೇಲಿನ ಮಹಡಿಗೆ ಬರುತ್ತಾನೆ. ನಾವು ಒಂದೇ ದಿನ ಹೋಗುತ್ತೇವೆ. ಮೇಡಂ ಅವನ ಜೊತೆ ನನಗಿಂತ ಹೆಚ್ಚು ಹೊತ್ತು ಮಾತಾಡುತ್ತಾರೆ. ಅವನು ಒಳಗಿರುವಾಗ ನಾನು ಹೊರಗೆ ಅವನ ಚಪ್ಪಲಿ ನೋಡುತ್ತಾ, ನನ್ನ ಡಾಕ್ಟರನ್ನು ಇವನಿಗೆ ತೋರಿಸಿಕೊಟ್ಟದ್ದೇ ತಪ್ಪಾಯಿತು ಎಂದು ಕುದಿಯುತ್ತೇನೆ. ಮೇಡಂಗೆ ಈಗ ಇದನ್ನೂ ಹೇಳಿದ್ದೇನೆ. ಅವರು ನಕ್ಕರು.

ಆದರೆ ಅದಕ್ಕೂ ಮೊದಲಿನ ಒಂದು ದಿನದ ಬಗ್ಗೆ ಹೇಳದಿದ್ದರೆ ಇಷ್ಟು ಬರೆದದ್ದೂ ದಂಡ. ನಾನು ಬಾಯಿ ಬಿಟ್ಟ ಭಾನುವಾರ ಕಳೆದು ಮುಂದಿನ ಭಾನುವಾರ. ಬೆಳಿಗ್ಗೆಯೇ ನಮ್ಮ ಬೀದಿಯ ತಿರುವಿನಲ್ಲಿ ಅಣ್ಣ ಬರುತ್ತಿರುವುದು ಕಂಡಿತು. ಕಾರು ಬಿಡುವುದು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬಸ್ಸಿಗೆ ಬಂದಿದ್ದ. ನಡುನಡುವೆ ನಿಂತು ನಿಧಾನವಾಗಿ ನಡೆಯುತ್ತಿದ್ದ. ಒಂದು ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ಇನ್ನೊಂದರಲ್ಲಿ ಚೀಲದ ತುಂಬ ಮೋಸಂಬಿ.

ಎದುರು ಮನೆಯ ಸೆಲ್ವಿ ಅಕ್ಕ ಬಾಗಿಲಿಗೆ ನೀರು ಹಾಕುತ್ತಿದ್ದರು. ಅವರ ಗಂಡ ನಮ್ಮ ಅಪ್ಪನ ಜೊತೆಗೇ ಕಾರ್ಖಾನೆಯಲ್ಲಿದ್ದವರು. ಬ್ರೆಡ್ಡು ಮೋಸಂಬಿ ಕಂಡ ಮೇಲೆ ಯಾರೂ ಕೇಳದೆ ಬಿಡುವುದಿಲ್ಲ. ಅವರೂ ಕೇಳಿದರು, “ಏನು ಸಾರ್, ಮೇಷ್ಟ್ರ ಮನೇಲಿ ಯಾರಿಗೆ ಹುಷಾರಿಲ್ಲೆ?”

ಬಾಗಿಲಲ್ಲಿದ್ದ ಸವಿತಾ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನಿಂತು ಹೇಳಿದ.

“ನಮ್ಮ ತಮ್ಮಂಗೆ ಕಣಮ್ಮ. ಹೆದರಿಕೆ ಕಾಯಿಲೆ. ಶಿವಮೊಗ್ಗದಲ್ಲಿ ತೋರಿಸ್ತಾ ಇದಾನೆ. ನೋಡ್ಕೊಂಡು ಹೋಗೋಣ ಅಂತ ಬಂದೆ.”

ಸೆಲ್ವಿ ಅಕ್ಕ ಬಿಂದಿಗೆ ಕೆಳಗಿಟ್ಟು ಅಯ್ಯೋ ಎಂದರು. ಜ್ವರಕ್ಕೆ ಹೇಳುವ ಅಯ್ಯೋ ಹೇಗಿರುತ್ತದೋ ಹಾಗೆಯೇ ಇತ್ತು. ಮಧ್ಯಾಹ್ನ ಒಂದು ಪಾತ್ರೆ ರಸಂ ಕೊಟ್ಟು ಹೋದರು.

ಅಣ್ಣ ಒಳಗೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ನನ್ನನ್ನು ಮಂಚದ ಮೇಲೆ ಕೂರಿಸಿ, ನೋಡಲು ಬಂದವರು ಕೂರುವಂತೆ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡ. ಈಗ ಹೇಗಿದ್ದೀಯ ಎಂದ. ಊಟ ಸೇರುತ್ತಾ ಎಂದ. ನಿದ್ದೆ ಬರುತ್ತಾ ಎಂದ. ನಾನು ಬೋರ್ಡಿನ ಮೇಲೆ ಅರ್ಧ ಬರೆದ ಹೆಸರಿನಿಂದ ಶುರುಮಾಡಿ, ಏನನ್ನೂ ಬಿಡದೆ, ಕಥೆಯನ್ನು ಪೂರ್ತಿ ಹೇಳಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ ನೆಲ ನೋಡುತ್ತಾ, ಇಲ್ಲೇ ಸ್ನಾನ ಮಾಡಲಾ ಎಂದು ಕೇಳಿದ.

ಸವಿತಾ ಬಿಸಿನೀರು ತೋಡಿಟ್ಟು, ಟವೆಲು ಕೊಟ್ಟು, ಮೊರ ತೆಗೆದುಕೊಳ್ಳಲು ಹೋದಳು. ನಾನು ಬೇಡವೆಂದೆ. ಚೀಲದಿಂದ ಒಂದು ಮೋಸಂಬಿ ಎತ್ತಿಕೊಂಡು ಸ್ನಾನದ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಹಣ್ಣು ಗಟ್ಟಿಯಾಗಿತ್ತು, ಯಾರ ಮನೆಯ ಮೂಲೆಯಲ್ಲೂ ಮೆತ್ತಗಾದದ್ದಲ್ಲ. ಒಳಗೆ ಒಂದು ಚೊಂಬು ನೀರು ಬಿದ್ದ ಸದ್ದಾಯಿತು, ಆಮೇಲೆ ನಿಂತಿತು.

“ಇದೀಯೇನೋ?” ಅಣ್ಣನ ದನಿ.

“ಇದೀನಿ.”

“ಏನ್ ಮಾಡ್ತಿದೀಯ?”

“ಮೋಸಂಬಿ ತಿಂತಿದೀನಿ.”

“ನನಗೊಂದು ಇಡೋ.”

“ಇಡಲ್ಲ” ಎಂದೆ. “ರೋಗಿಗೆ ತಂದಿದ್ದು.”

ಒಳಗೆ ಅವನು ನಕ್ಕಿದ್ದು ಕೇಳಿಸಿತು. ಆಮೇಲೆ ನೀರು ಸುರಿಯುವ ಸದ್ದು ಮತ್ತೆ ಶುರುವಾಗಿ ಬಹಳ ಹೊತ್ತು ನಡೆಯಿತು.